ಜ್ಯೇಷ್ಠಮಧುವಿನ ಜ್ಯೇಷ್ಠತ್ವ: ಒಂದು ಪದವಿಮರ್ಶೆ

ಶಬ್ದಗಳಿಗೆ ಅರ್ಥ ಹೇಳುವವರು ಎರಡು ತಪ್ಪುಗಳನ್ನು ಮಾಡುವುದುಂಟು. ದೇಶ್ಯಪದಕ್ಕೆ ಸಂಸ್ಕೃತಮೂಲವನ್ನು ಬಲಾತ್ಕಾರದಿಂದ ಕಲ್ಪಿಸುವುದು ಒಂದು; ಸಂಸ್ಕೃತದಿಂದಲೇ ಬಂದ ಪದವನ್ನು ಅದರದಲ್ಲದ ಬೇರೊಂದು ಸಂಸ್ಕೃತಪದಕ್ಕೆ ಗಂಟುಹಾಕುವುದು ಮತ್ತೊಂದು. ಎರಡನೆಯದನ್ನು ಪ್ರಕೃತ ಲೇಖಕನೇ ಬಹುಕಾಲ ಮಾಡಿದವನು. ಆದುದರಿಂದ ಜೇನಿಗೂ ಗಿಡಮರಗಳಿಗೂ ಸಂಬಂಧಪಟ್ಟ ಕೆಲವು ಪದಗಳನ್ನು ವಾಚಕರ ಮುಂದಿಟ್ಟು ಆ ಋಣವನ್ನು ತೀರಿಸಿಕೊಳ್ಳುವೆನು.

ಮೊದಲು ಜೇನು. ತಮಿಳು ಮಲೆಯಾಳಗಳಲ್ಲಿ ತೇನ್, ತೆಲುಗಿನಲ್ಲಿ ತೇನೆ ಎಂದಿರುವುದರಿಂದ ಇದು ದ್ರಾವಿಡ ಭಾಷೆಗಳ ಸ್ವಂತ ಆಸ್ತಿಯೆಂಬುದು ಸ್ಪಷ್ಟ. ಇದಕ್ಕೆ ಸಂಸ್ಕೃತಧಾತುವನ್ನರಸುವುದು ವ್ಯರ್ಥ. ನಮ್ಮವರು ಜೇನಿನ ಜಾತಿಗಳನ್ನು ಗಾತ್ರದಿಂದಲೂ ವಾಸದಿಂದಲೂ ಗುರುತಿಸಿದರು. ಹಿರಿದು ಎಂಬುದು ಸಮಾಸದಲ್ಲಿ 'ಪೆರ್' ಆಗಿ, ಪೆರ್ಜೇನು ಹೆಜ್ಜೇನಾಯಿತು. ಹೆಮ್ಮರ, ಹೆದ್ದಾರಿಗಳೂ ಇದೇ ರೀತಿಯವು. ಕೋಲಿನಂಥ ಸಣ್ಣ ಕೊಂಬೆಗೆ ಹುಟ್ಟು ಕಟ್ಟುವುದು ಕೋಲುಜೇನು. ಸಂಸ್ಕೃತವಾದರೋ ಮಾಡಿದ ಕೀಟದಿಂದ ಜೇನುತುಪ್ಪಕ್ಕೆ ಹೆಸರಿಟ್ಟಿತು. ಕ್ಷುದ್ರೆಯಿಂದಾದುದು ಕ್ಷೌದ್ರ, ಭ್ರಮರದಿಂದಾದುದು ಭ್ರಾಮರ. ಈ ರೂಪಗಳಿಗೆ ಪಾಣಿನಿಯೇ ಸೂತ್ರವನ್ನು ರಚಿಸಿದ್ದಾನೆ. ಸುಶ್ರುತನು ಮಧುವಿನಲ್ಲಿ 8 ಬಗೆಗಳನ್ನೆಣಿಸುತ್ತಾನೆ. ಮೇಣಕ್ಕೆ ಅಮರನು ಕೊಡುವ ಹೆಸರು ಮಧೂಚ್ಛಿಷ್ಟ, ಅಂದರೆ ಜೇನು ತೆಗೆದ ಮೇಲೆ ಉಳಿದದ್ದು.

ಮಧುಶಬ್ದಕ್ಕೆ ಮದ್ಯ, ಪುಷ್ಪರಸ, ಜೇನು ಎಂಬ ಮೂರರ್ಥಗಳನ್ನೂ ಅಮರನು ಹೇಳುತ್ತಾನೆ. ಇದನ್ನೇ ನೆಚ್ಚಿ ಮಕರಂದವೂ ಜೇನೂ ಒಂದೇ ಎನ್ನುವವರುಂಟು. ಹೂವಿನ ರಸವು ನೀರಾಗಿರುವುದು. ನೊಣವು ಅದನ್ನು ಹೊಟ್ಟೆಯ ಚೀಲದಲ್ಲಿ ತಂದು, ಮಾರ್ಪಡಿಸಿ, ರೆಕ್ಕೆ ಬೀಸಿ ನೀರಾರಿಸಿದ ಮೇಲೆಯೇ ಜೇನಾಗುವುದು. ಹಳಗನ್ನಡಕ್ಕೆ ಹೂವಿನ ರಸವನ್ನು ಹೇಳಲು ಬಂಡು ಎಂಬ ಚೊಕ್ಕ ಪದವಿತ್ತು. ಅದನ್ನುಣ್ಣುವುದರಿಂದ ದುಂಬಿಯು ಬಂಡುಣಿ. ಇಂಥ ಪದವನ್ನು ನಿಘಂಟಿನಲ್ಲಿ ಹೂಳಿಟ್ಟು ನಾವು ಅರ್ಥಸಂಕರವನ್ನು ಮಾಡಿಕೊಂಡಿದ್ದೇವೆ.

ಹೆಸರಿನಲ್ಲಿ ಮಧುವಿದ್ದ ಮಾತ್ರಕ್ಕೆ ಜೇನಿರಬೇಕೆಂಬ ನಿಯಮವೂ ಇಲ್ಲ. ಇಪ್ಪೆಯ ಮರವು ಮಧೂಕ. ಅದರ ಹೂಗಳೇ ಸಿಹಿಯಾದುದರಿಂದ ಅದಕ್ಕೆ ಗುಡಪುಷ್ಪವೆಂಬ ಹೆಸರೂ ಉಂಟು. ಜ್ಯೇಷ್ಠಮಧುವಿನ ಕಥೆಯೂ ಇಂಥದೇ. ಪಾಠ ಹೇಳುತ್ತಿದ್ದ ಕಾಲದಲ್ಲಿ ನಾನು ಇದನ್ನು 'ಶ್ರೇಷ್ಠವಾದ ಜೇನು' ಎಂದು ವಿಗ್ರಹಿಸಿ ಬರೆಯಿಸುತ್ತಿದ್ದೆನು. ಒಂದು ದಿನ ಗ್ರಂಥಿಗೆ ಅಂಗಡಿಯವರ ಹುಡುಗನೊಬ್ಬನು ಎದ್ದು, "ಮೇಷ್ಟ್ರೇ, ಅದು ಬರಿಯ ಕಡ್ಡಿ, ಸಿಹಿಯಾಗಿರುತ್ತೆ, ಜೇನೇನೂ ಇಲ್ಲ" ಎಂದನು. ಅಧಿಕಪ್ರಸಂಗವೆಂದು ಗದರಿಸಿ ಕುಳ್ಳಿರಿಸಿದೆನು.

ಬಹುವರ್ಷಗಳ ಮೇಲೆ ಅಮರನ ವನೌಷಧಿವರ್ಗವನ್ನು ತಿರುಗಿ ಓದುವಾಗ ಯಷ್ಟಿಮಧುಕವೆಂಬ ಹೆಸರಿನಲ್ಲಿ ಕಣ್ಣು ನಿಂತಿತು. ಯಷ್ಟಿಯೆಂದರೆ ಕೋಲು, ಕಡ್ಡಿ! ಯಾತ್ರೆಯು ಜಾತ್ರೆಯಾದಂತೆ, ಯೌವನವು ಜವ್ವನವಾದಂತೆ, ಇಲ್ಲಿಯೂ ಯಕಾರವು ಜಕಾರವಾಯಿತು. ಗುಜರಾತಿಯಲ್ಲಿ ಇಂದಿಗೂ ಜೇಠೀಮಧ ಎನ್ನುವರು. ಹೀಗೆ ಸವೆದ ರೂಪವನ್ನು ಶುದ್ಧಗೊಳಿಸಹೊರಟವರು ಯಷ್ಟಿಯನ್ನು ಮರೆತು ಜ್ಯೇಷ್ಠನನ್ನು ತಂದು ಕೂರಿಸಿದರು. ಆ ಹುಡುಗನು ವ್ಯಾಕರಣವನ್ನರಿಯದೆಯೂ ಸರಿಯಾದ ವಿಗ್ರಹವಾಕ್ಯವನ್ನೇ ಹೇಳಿದ್ದನು. ನಾನು ವ್ಯಾಕರಣವನ್ನೋದಿಯೂ ಕೇಳಿಸಿಕೊಳ್ಳಲಿಲ್ಲ.

ರೂಢಿಯ ಪದವನ್ನು ಬಿಡಬೇಕೆಂದು ನಾನು ಹೇಳೆನು, ರೂಢಿಯು ಬಲವತ್ತರವಾದುದು. ಅರ್ಥ ಹೇಳುವಾಗ ಮಾತ್ರ ನಾವು ಸಟೆಯನ್ನು ಕಲಿಸಬಾರದು. ಪದದ ಮೂಲವನ್ನು ಹುಡುಕುವವನು ಕೋಶವನ್ನು ಅವಶ್ಯವಾಗಿ ನೋಡಲಿ. ಬೇರನ್ನು ಕಿತ್ತವರ, ಹುಟ್ಟನ್ನು ಇಳಿಸಿದವರ ಮಾತನ್ನೂ ಒಮ್ಮೆ ವಿನಯದಿಂದ ಕೇಳಲಿ.