ಕಫದ ರಿಪೋರ್ಟೊಂದೇ ಸಾಲದು

ಶಿಂಷಾ ದಡದ ವೈದ್ಯನಾಥಪುರದ ಕಡೆ ದಿನ ತುಂಬುವ ಮೊದಲೇ ಹುಟ್ಟಿದ ಮಗು ಉಸಿರಿಗೆ ಒದ್ದಾಡಿದರೆ ಮನೆಯವರು ಮದ್ದೂರು ದಾಟಿ ಮಂಡ್ಯದ ಮಿಮ್ಸ್‌ಗೋ ಮೈಸೂರಿನ ಚೆಲುವಾಂಬ ಆಸ್ಪತ್ರೆಗೋ ಓಡುತ್ತಾರೆ. "ಮಗೀಗೆ ಪೈಪ್ ಹಾಕವ್ರೆ" ಎಂಬ ಸುದ್ದಿಯ ಬೆನ್ನಿಗೇ ಕೆಲವೊಮ್ಮೆ ಇನ್ನೊಂದು ಬರುತ್ತದೆ: "ಎದೇಲಿ ಇನ್ಫೆಕ್ಷನ್ ಆಗೈತಂತೆ." ಯಾವ ಊರಿನ ಆಸ್ಪತ್ರೆಯೇ ಆಗಲಿ, ಈ ಎರಡನೆಯ ಮಾತಿಗೆ ಆಧಾರವೇನೆಂದು ಕೇಳಲೇಬೇಕು.

ಸಾವಿರ ಗ್ರಾಂ ತೂಗದ ಮಗುವಿಗೆ ಉಸಿರಾಟಕ್ಕೆಂದು ಶ್ವಾಸನಾಳಕ್ಕೆ ಹಾಕುವ ಈ ಪೈಪಿನ, ಅಂದರೆ ನಳಿಕೆಯ ಒಳವ್ಯಾಸ 2.5 ಮಿಲಿಮೀಟರ್. ದೊಡ್ಡವರ ನಳಿಕೆಗಿರುವ, ಸುತ್ತ ಉಬ್ಬಿ ಸಂದು ಮುಚ್ಚುವ ಬಲೂನು ಇದಕ್ಕೆ ಸಾಮಾನ್ಯವಾಗಿ ಇರುವುದಿಲ್ಲ. ಬಾಯಿಯ ಜೊಲ್ಲು ಆ ಸಂದಿನಿಂದ ಕೆಳಗೆ ಜಾರುತ್ತದೆ. ದಿನ ಕಳೆದಂತೆ ನಳಿಕೆಯ ಒಳಗೋಡೆಗೆ ಬ್ಯಾಕ್ಟೀರಿಯಾಗಳು ಲೋಳೆಯಂತೆ ಅಂಟಿಕೊಳ್ಳುತ್ತವೆ. ಅದೇ ನಳಿಕೆಯಿಂದ ಹೀರಿದ ಕಫವನ್ನು ಕಲ್ಚರ್‌ಗೆ ಕಳಿಸಿದರೆ ಕ್ಲೆಬ್ಸಿಯೆಲ್ಲಾನೋ ಅಸಿನೆಟೊಬ್ಯಾಕ್ಟರೋ ಬೆಳೆಯುವುದು ಸಹಜ. ಅದು ನಳಿಕೆಯಲ್ಲಿ ಬೀಡುಬಿಟ್ಟದ್ದೋ, ಶ್ವಾಸಕೋಶವನ್ನೇ ಕೆಡಿಸುತ್ತಿರುವುದೋ ಎಂಬುದನ್ನು ಕಲ್ಚರ್ ರಿಪೋರ್ಟಿನ ಹಾಳೆ ಹೇಳದು. ಆದರೂ ಅದನ್ನೇ ನ್ಯುಮೋನಿಯಾದ ಸಾಕ್ಷಿ ಎಂದುಕೊಳ್ಳುವುದು ಇಂಥ ರೋಗನಿರ್ಣಯದ ದೊಡ್ಡ ದೋಷ.

ಎಕ್ಸ್‌ರೇ ಕೈಹಿಡಿಯುತ್ತದೆಯೇ? ಅದೂ ಕಷ್ಟ. ಶ್ವಾಸಕೋಶವನ್ನು ಅರಳಿಸಿಡುವ ಸರ್ಫ್ಯಾಕ್ಟಂಟ್ ಎಂಬ ದ್ರವದ ಕೊರತೆಯಿಂದಲೂ, ಶ್ವಾಸಕೋಶದ ಒಂದು ಭಾಗ ಕುಸಿದರೂ, ಹೃದಯದ ಬಳಿಯ ಡಕ್ಟಸ್ ಎಂಬ ರಕ್ತನಾಳ ಮುಚ್ಚದೆ ಉಳಿದರೂ ಚಿತ್ರ ಮಬ್ಬಾಗುತ್ತದೆ. ನ್ಯುಮೋನಿಯಾ ಗುರುತಿಸಲು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಕೊಟ್ಟಿರುವ ಮಾನದಂಡವೂ ಒಂದು ವರ್ಷದೊಳಗಿನ ಎಲ್ಲ ಮಕ್ಕಳಿಗೂ ಒಂದೇ. ಬಿಳಿ ರಕ್ತಕಣ 15,000 ಮುಟ್ಟಿ, ಎಳೆಯ ಕಣಗಳೂ ಹೆಚ್ಚಿರುವುದು ಅದರ ಒಂದು ಲಕ್ಷಣ. ಆಗತಾನೇ ಹುಟ್ಟಿದ ಆರೋಗ್ಯವಂತ ಕೂಸಿನಲ್ಲೇ ಎಣಿಕೆ ಅದನ್ನು ಮೀರಬಹುದು! ನಳಿಕೆಯೊಳಗೆ ತೆಳು ಕೆಥೆಟರ್ ಇಳಿಸಿ, ಸ್ವಲ್ಪ ಸಲೈನ್ ಬಿಟ್ಟು ಆಳದಿಂದ ಹೀರುವ ವಿಧಾನ ಬರೀ ನಳಿಕೆಯ ಕಫಕ್ಕಿಂತ ಮೇಲು. ಆದರೆ ಅಂಗೈಯಗಲದ ಮಗುವಿಗೆ ಆ ಹೊತ್ತಿನಲ್ಲೇ ಆಮ್ಲಜನಕ ಕುಸಿಯುವ ಭಯವುಂಟು.

ತಪ್ಪು ರೋಗನಿರ್ಣಯದ ಬೆಲೆಯೂ ಸಣ್ಣದಲ್ಲ. ದೆಹಲಿಯ ಮೂರು ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳ ನಂಜಿನ ಬಗ್ಗೆ ನಡೆದು, 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಿಕ್ಕ ಅಸಿನೆಟೊಬ್ಯಾಕ್ಟರ್‌ಗಳಲ್ಲಿ ಶೇ. 82ರಷ್ಟು ಹಲವು ಔಷಧಿಗಳಿಗೆ ಬಗ್ಗದವು. ಬೇಡದ ಆಂಟಿಬಯಾಟಿಕ್‌ನ ಪ್ರತಿ ಡೋಸೂ ಇಂಥವುಗಳಿಗೆ ಬಲ ಕೊಡುತ್ತದೆ.

ಮಗು ಹದಗೆಟ್ಟಾಗ ಔಷಧಿ ತಡಮಾಡುವುದು ಅಪಾಯ, ತಕ್ಷಣ ಶುರುಮಾಡಲಿ. ಆದರೆ ಏಕೆ ಶುರುಮಾಡಿದೆವೆಂದು ಕೇಸ್ ಶೀಟಿನಲ್ಲಿ ಬರೆಯಲಿ. 48 ಗಂಟೆಗಳ ನಂತರ ರಕ್ತದ ಕಲ್ಚರ್, ಎಕ್ಸ್‌ರೇ, ಆಮ್ಲಜನಕದ ಅಗತ್ಯ ಎಲ್ಲವನ್ನೂ ಜೊತೆಗಿಟ್ಟು ನೋಡಿ, ಆಧಾರ ಸಿಗದಿದ್ದರೆ ಧೈರ್ಯವಾಗಿ ನಿಲ್ಲಿಸಲಿ. ಇವತ್ತೇ ಪೈಪ್ ತೆಗೆಯಬಹುದೇ ಎಂದು ಪ್ರತಿದಿನದ ರೌಂಡ್ಸ್‌ನಲ್ಲಿ ವೈದ್ಯರು ಕೇಳಿಕೊಳ್ಳಲಿ, ಹೊರಗೆ ಕಾದು ಕೂತ ತಂದೆತಾಯಿಯೂ ಕೇಳಲಿ.