ಗಾಗಾ ಕುಲದ ಜರೀಗಿಡಗಳು: ಒಂದು ವಿಮರ್ಶೆ

2012ನೆಯ ಇಸವಿಯಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದ ಫೇ-ವೇ ಲೀ, ಕ್ಯಾಥ್ಲೀನ್ ಪ್ರೈಯರ್, ಮೈಕೇಲ್ ವಿಂಡಂ ಎಂಬ ಮೂವರು ವಿದ್ವಾಂಸರು ‘ಸಿಸ್ಟಮ್ಯಾಟಿಕ್ ಬಾಟನಿ’ ಎಂಬ ಪತ್ರಿಕೆಯಲ್ಲಿ ಜರೀಗಿಡಗಳ ಹೊಸ ಕುಲವೊಂದನ್ನು ಸ್ಥಾಪಿಸಿ, ಅದಕ್ಕೆ ಲೇಡಿ ಗಾಗಾ ಎಂಬ ಗಾಯಕಿಯ ಹೆಸರನ್ನಿಟ್ಟರು. ಈ ಕುಲದಲ್ಲಿ 19 ಪ್ರಭೇದಗಳು. ಅವುಗಳಲ್ಲಿ 17 ಹಳೆಯವು, ಬೇರೊಂದು ಕುಲದಿಂದ ಬಂದವು. ಎರಡು ಮಾತ್ರ ಹೊಸವು. ವೃತ್ತಪತ್ರಿಕೆಗಳು ಹೆಸರನ್ನೇ ಹಿಡಿದು ವಿನೋದಪಟ್ಟುವು. ಲೇಖನದೊಳಗಣ ವಾದವು ಬದಿಗೆ ಬಿದ್ದಿತು. ಆ ವಾದವು ಎಷ್ಟರಮಟ್ಟಿಗೆ ನಿಲ್ಲತಕ್ಕುದೆಂಬುದೇ ಇಲ್ಲಿ ನಮ್ಮ ಪ್ರಶ್ನೆ.

ಈ ಗಿಡಗಳೆಲ್ಲ ಮೊದಲು ಚೀಲ್ಯಾಂತಿಸ್ ಎಂಬ ಕುಲದಲ್ಲಿದ್ದುವು. ಗ್ರೀಕ್ ಭಾಷೆಯಲ್ಲಿ ಆ ಹೆಸರಿಗೆ ‘ತುಟಿಹೂ’ ಎಂದರ್ಥ. ಎಲೆಯ ಅಂಚು ತುಟಿಯಂತೆ ಒಳಕ್ಕೆ ಮಡಿಚಿಕೊಂಡು ಬೀಜಾಣುಕೋಶಗಳನ್ನು ಮುಚ್ಚುವುದರಿಂದ ಸ್ವಾರ್ಟ್ಸ್ ಎಂಬಾತನು 1806ರಲ್ಲಿ ಹಾಗೆ ಕರೆದನು. ಆದರೆ ಮಡಿಚಿದ ಅಂಚು, ಬಿರುಸಾದ ಕಿರಿದೆಲೆ, ರೋಮ, ಹಿಟ್ಟು ಇವೆಲ್ಲ ಬಿಸಿಲುಬಂಡೆಯ ಮೇಲೆ ನೀರನ್ನು ಉಳಿಸಿಕೊಳ್ಳುವ ಉಪಾಯಗಳು. ಬೇರೆ ಬೇರೆ ವಂಶದ ಗಿಡಗಳು ಒಂದೇ ಕಷ್ಟಕ್ಕೆ ಸಿಕ್ಕಿ ಒಂದೇ ವೇಷವನ್ನು ಧರಿಸಿದರೆ, ವೇಷವನ್ನು ನೋಡಿ ವಂಶವನ್ನು ಹೇಳುವುದೆಂತು? ಚೀಲ್ಯಾಂತಿಸ್ ಕುಲವು ಹೀಗೆ ನಾನಾ ಮನೆಯವರು ತಂಗಿದ ಛತ್ರವಾಯಿತು. ನಮ್ಮ ಪಶ್ಚಿಮಘಟ್ಟದ ಬಂಡೆಗಳ ಮೇಲೆ ಕಾಣುವ, ಎಲೆಯಡಿಯಲ್ಲಿ ಬಿಳಿಯ ಹಿಟ್ಟು ಬಳಿದಂತಿರುವ ಜರೀಗಿಡವೂ ಬಹುಕಾಲ ಚೀಲ್ಯಾಂತಿಸ್ ಎಂದೇ ಕರೆಸಿಕೊಂಡು, ಅನಂತರ ಅಲ್ಯುರಿಟಾಪ್ಟರಿಸ್ ಆಯಿತೆಂಬುದನ್ನು ಸಸ್ಯಶಾಸ್ತ್ರವನ್ನು ಬಲ್ಲ ವಾಚಕರು ನೆನೆಯಬಹುದು.

ಲೇಖಕರು 80ಕ್ಕೂ ಹೆಚ್ಚಿನ ಮಾದರಿಗಳಿಂದ ಡಿ.ಎನ್.ಎ.ಯನ್ನು ತೆಗೆದು ಹೋಲಿಸಿದರು. ಇವುಗಳಲ್ಲಿ ಹೊಸದಾಗಿ ಕಿತ್ತ ಗಿಡಗಳೂ ಉಂಟು, ಸಸ್ಯಸಂಗ್ರಹಾಲಯಗಳಲ್ಲಿ ಒಣಗಿಸಿಟ್ಟವೂ ಉಂಟು. ಮೆಕ್ಸಿಕೊ, ಮಧ್ಯ ಮತ್ತು ದಕ್ಷಿಣ ಅಮೆರಿಕ, ಅರಿಜೋನ, ಟೆಕ್ಸಾಸ್ ಪ್ರಾಂತಗಳ ಈ ಗುಂಪು ಚೀಲ್ಯಾಂತಿಸ್ ಕುಲದ ಆಧಾರಪ್ರಭೇದಕ್ಕೆ ಬಹುದೂರವೆಂದೂ ಆಸ್ಪಿಡೋಟಿಸ್ ಎಂಬ ಬೇರೊಂದು ಕುಲಕ್ಕೆ ಅತ್ಯಂತ ಸಮೀಪವೆಂದೂ ಸಿದ್ಧಪಟ್ಟಿತು. ಕುಲನಾಮವು ಆಧಾರಪ್ರಭೇದದೊಡನೆ ಉಳಿಯತಕ್ಕುದೆಂಬುದು ನಾಮಕರಣದ ನಿಯಮ; ಆದುದರಿಂದ ಮನೆ ಬಿಡಬೇಕಾದುದು ಈ ಗುಂಪೇ. ಇಲ್ಲಿಯವರೆಗೆ ವಾದದಲ್ಲಿ ಬಿರುಕಿಲ್ಲ. ಪತ್ರಹರಿತ್ತಿನ ಮೂರು ಭಾಗಗಳೊಡನೆ ಕೋಶಕೇಂದ್ರದ ಒಂದು ಜೀನನ್ನೂ ಪರೀಕ್ಷಿಸಿದುದು ವಿಶೇಷವಾಗಿ ಶ್ಲಾಘ್ಯ. ಪತ್ರಹರಿತ್ತಿನ ಅಂಶವು ತಾಯಿಯ ಕಡೆಯಿಂದ ಮಾತ್ರ ಬರುವುದು. ಸಂಕರವಾದ ಗಿಡದ ತಂದೆಯಾರೆಂಬುದನ್ನು ಅದು ಹೇಳಲಾರದು. ಈ ಗುಂಪಿನಲ್ಲೋ ಸಂಕರವು ಬಲೆಯಂತೆ ಹೆಣೆದುಕೊಂಡಿದೆ.

ಇನ್ನು ಲಕ್ಷಣಗಳ ವಿಚಾರ. ನಿಜವಾದ ಚೀಲ್ಯಾಂತಿಸ್ ಗಿಡದ ಒಂದೊಂದು ಬೀಜಾಣುಕೋಶದಲ್ಲಿ 32 ಸಣ್ಣ ಅಥವಾ 16 ದೊಡ್ಡ ಬೀಜಾಣುಗಳಿರುವುವು. ಗಾಗಾದಲ್ಲಿ 64 ಸಣ್ಣವು ಅಥವಾ 32 ದೊಡ್ಡವು. ಇದು ಎಣಿಸಿ ನೋಡಬಹುದಾದ, ಒಪ್ಪತಕ್ಕ ಭೇದ. ಆಸ್ಪಿಡೋಟಿಸ್‌ನಿಂದ ಬೇರ್ಪಡಿಸುವ ಲಕ್ಷಣಗಳು ಮಾತ್ರ ಹಾಗಿಲ್ಲ. ಎಲೆಯ ತುದಿ ಮುಳ್ಳಿನಂತಿರದೆ ದುಂಡಾಗಿಯೋ ನೀಳವಾಗಿಯೋ ಇರುವುದು. ಮೇಲ್ಮೈಯ ಹೊಳಪೂ ಗೆರೆಗಳೂ ಅಷ್ಟು ಎದ್ದುಕಾಣವು. ಬಲಿತ ಎಲೆಯ ಅಂಚಿನಲ್ಲಿ ಸೂಕ್ಷ್ಮವಾದ ಬೊಬ್ಬೆಗಳು. ಇವುಗಳಲ್ಲಿ ಕೊನೆಯದನ್ನು ಕಾಣಲು 40 ಪಾಲು ಹಿಗ್ಗಿಸುವ ಯಂತ್ರ ಬೇಕು. ಬೆಟ್ಟದ ಮೇಲೆ ಗಿಡವನ್ನು ಕೈಯಲ್ಲಿ ಹಿಡಿದವನು ಏನು ಮಾಡಬೇಕು? ಕುಲವು ಪ್ರಯೋಗಶಾಲೆಯಲ್ಲಿ ಸಿದ್ಧವಾಗಿ, ಲಕ್ಷಣಗಳನ್ನು ಅನಂತರ ಹುಡುಕಲಾಯಿತೆಂಬ ಭಾವನೆ ಓದುವವನಿಗೆ ಬಾರದಿರದು. ಇದು ದೋಷವೆಂದು ನಾವೆನ್ನೆವು. ಆದರೆ ಕೊರತೆಯೆನ್ನದೆ ಗತಿಯಿಲ್ಲ.

ಹೆಸರಿನ ಸಮರ್ಥನೆಗೆ ಬರೋಣ. ಒಂದು ಜೀನಿನ 598ರಿಂದ 601ರವರೆಗಿನ ಸ್ಥಾನಗಳಲ್ಲಿ ಜಿ, ಎ, ಜಿ, ಎ ಎಂಬ ನಾಲ್ಕಕ್ಷರಗಳು ಈ ಕುಲದಲ್ಲಿ ಕಾಣುವುವಂತೆ. ನಾಲ್ಕು ಬಗೆಯ ಅಕ್ಷರಗಳಿಂದ ನಾಲ್ಕಕ್ಷರದ ಪದಗಳು 256 ಮಾತ್ರ ಆಗಬಲ್ಲುವು. ಸಾವಿರಾರು ಅಕ್ಷರಗಳ ಸಾಲಿನಲ್ಲಿ ಇಂಥದೊಂದು ಪದ ಎಲ್ಲಿಯಾದರೂ ದೊರೆಯುವುದೇನೂ ಆಶ್ಚರ್ಯವಲ್ಲ. ಲೇಖಕರು ಹೇಳುವುದು ಅದನ್ನಲ್ಲ. ನಿಯತವಾದ ಆ ಸ್ಥಾನದಲ್ಲಿ, ತಾವು ಪರೀಕ್ಷಿಸಿದ ಇತರ ಹತ್ತಿರದ ಜರೀಗಿಡಗಳಲ್ಲಿ ಇದು ಇಲ್ಲವೆಂದು. ಆ ಮಾತಿಗೆ ಬೆಲೆಯುಂಟು. ಆದರೆ ಗಾಯಕಿಯ 2010ರ ಉಡುಪಿಗೂ ಜರೀಗಿಡದ ಹೃದಯಾಕಾರದ ಲಿಂಗಸಸ್ಯಕ್ಕೂ ಹೋಲಿಕೆಯನ್ನು ತೋರಿಸಿದುದು ಬರಿಯ ವಿನೋದ. ಆ ಆಕಾರವು ಬಹುಪಾಲು ಜರೀಗಿಡಗಳಿಗೆ ಸಾಮಾನ್ಯ. ರಾಣಿಯ ಹೆಸರಿನ ವಿಕ್ಟೋರಿಯ ತಾವರೆಯನ್ನೂ ರಾಷ್ಟ್ರಾಧ್ಯಕ್ಷನ ಹೆಸರಿನ ವಾಷಿಂಗ್ಟೋನಿಯ ತಾಳೆಯನ್ನೂ ಒಪ್ಪಿದವರು ಗಾಯಕಿಯ ಹೆಸರಿಗೆ ಮೂಗು ಮುರಿಯುವುದಕ್ಕೆ ಕಾರಣವಿಲ್ಲ. ಹೆಸರು ಹಿತವಾಗಿಲ್ಲವೆಂಬಷ್ಟರಿಂದ ಅದನ್ನು ತಳ್ಳಬಾರದೆಂದು ಸಸ್ಯನಾಮಕರಣದ ಸಂಹಿತೆಯೇ ವಿಧಿಸಿದೆ.

ಹೊಸ ಪ್ರಭೇದಗಳೆರಡರಲ್ಲಿ ಕೋಸ್ಟರೀಕದ ಗಾಗಾ ಜರ್ಮನೋಟ ಆ ಗಾಯಕಿಯ ಕುಟುಂಬನಾಮವನ್ನು ಹೊತ್ತಿದೆ. ಮೆಕ್ಸಿಕೊದ ಗಾಗಾ ಮಾನ್‌ಸ್ಟ್ರಪಾರ್ವ ಆಕೆಯ ಅಭಿಮಾನಿಗಳಾದ ‘ಪುಟ್ಟ ರಾಕ್ಷಸ’ರನ್ನು ಸೂಚಿಸುವುದು. ಲ್ಯಾಟಿನ್ನಿನಲ್ಲಿ ನಪುಂಸಕಲಿಂಗದ ಬಹುವಚನಗಳೆರಡನ್ನು ಬೆಸೆದ ಪದವಿದು. ವ್ಯಾಕರಣಕ್ಕೆ ಕುಂದಿಲ್ಲ, ಕಿವಿಗೆ ಮಾತ್ರ ಒರಟು. ನಿಜವಾದ ತೊಡಕು ಬೇರೆ. ಜರೀಗಿಡಗಳಲ್ಲಿ ಸಾಮಾನ್ಯವಾಗಿ 64 ಬೀಜಾಣುಗಳಿದ್ದರೆ ಗರ್ಭಾಧಾನದಿಂದ ಸಂತತಿಯೆಂದೂ 32 ದೊಡ್ಡವಿದ್ದರೆ ಗರ್ಭಾಧಾನವಿಲ್ಲದೆಯೇ ಸಂತತಿಯೆಂದೂ ತಿಳಿಯುತ್ತಾರೆ. ಕೂಡದೆಯೇ ಹುಟ್ಟುವ ಗಿಡಗಳಲ್ಲಿ, ತಮ್ಮೊಳಗೆ ಕೂಡಿ ಫಲಿಸುವುದೇ ಪ್ರಭೇದವೆಂಬ ಹಳೆಯ ಲಕ್ಷಣವಾಕ್ಯವು ಸಲ್ಲದು. ಪ್ರಭೇದದ ಗಡಿಯನ್ನು ಇಂತಹ ಗುಂಪಿನಲ್ಲಿ ಯಾವ ತತ್ತ್ವದಿಂದ ಎಳೆಯಬೇಕೆಂಬ ವಿಚಾರಕ್ಕೆ, ಹೆಸರಿಗೆ ಬಂದ ಗಮನದ ಹತ್ತರಲ್ಲೊಂದು ಪಾಲಾದರೂ ಬರಬೇಕಾಗಿದ್ದಿತು.

2016ರಲ್ಲಿ ಜರೀಗಿಡಗಳ ವಿದ್ವಾಂಸರು ಕೂಡಿ ರಚಿಸಿದ ವರ್ಗೀಕರಣವು ಗಾಗಾ ಕುಲವನ್ನು ಅಂಗೀಕರಿಸಿತು. 2018ರಲ್ಲಿಯಾದರೋ ಕ್ರಿಸ್ಟೆನ್‌ಹಸ್ ಮೊದಲಾದವರು ಗಾಗಾವನ್ನೂ ಚೀಲ್ಯಾಂತಿಸನ್ನೂ ಇವುಗಳ ನೆರೆಯ ಕುಲಗಳೆಲ್ಲವನ್ನೂ, ನಾನೂರಕ್ಕೆ ಮಿಕ್ಕ ಪ್ರಭೇದಗಳೊಡನೆ, ಲಿನೇಯಸನ ಹೆಮಿಯೋನೈಟಿಸ್ ಎಂಬ ಒಂದೇ ಕುಲಕ್ಕೆ ಸೇರಿಸಿಬಿಟ್ಟರು. ವಂಶವೃಕ್ಷದ ದೃಷ್ಟಿಯಿಂದ ಎರಡೂ ನಿರ್ದೋಷವೇ. ಒಂದೇ ಕೊಂಬೆಯನ್ನು ಎಲ್ಲಿ ಕತ್ತರಿಸಬೇಕೆಂಬುದಷ್ಟೇ ಭೇದ. ನಮಗೆ ಮೊದಲನೆಯದೇ ಮೇಲೆಂದು ತೋರುವುದು. ಛತ್ರದಲ್ಲಿದ್ದವರ ಮನೆತನಗಳನ್ನು ಇಷ್ಟು ಶ್ರಮಪಟ್ಟು ಗುರುತಿಸಿದ ಮೇಲೆ, ಅವರನ್ನೆಲ್ಲ ಇನ್ನೂ ದೊಡ್ಡದೊಂದು ಛತ್ರಕ್ಕೆ ಕಳುಹಿಸಿದರೆ ಗಿಡಗಳನ್ನು ಗುರುತಿಸುವವನಿಗೆ ಲಾಭವೇನೆಂದು ತಿಳಿಯದು. ಬೀಜಾಣುಗಳ ಎಣಿಕೆಯಂತೂ ಎರಡು ಹೆಸರುಗಳಡಿಯಲ್ಲಿಯೂ ಒಂದೇ.