ಚಾರ್ಜ್ ಆಗುತ್ತೆ, ಸರಿ. ಆಮೇಲೆ?

ಫೋನ್ ಚಾರ್ಜರ್‌ಗಳ ರಿವ್ಯೂ ನೋಡಿ. ಎಷ್ಟು ವ್ಯಾಟ್, ಎಷ್ಟು ನಿಮಿಷಕ್ಕೆ ಫುಲ್, ಅಲ್ಲಿಗೆ ಮುಗೀತು. ನನ್ನ ತಕರಾರು ಇರೋದೇ ಇಲ್ಲಿ. ಚಾರ್ಜರ್‌ಗೆ ಎರಡು ಕೆಲಸ: ಫೋನಿಗೆ 5 ವೋಲ್ಟ್ ಕೊಡೋದು, ಗೋಡೆಯ 230 ವೋಲ್ಟ್ ನಿಮ್ಮ ಕೈವರೆಗೆ ಬರದಂತೆ ತಡೆಯೋದು. ಎರಡನೆಯದಕ್ಕೆ ಯಾರೂ ಮಾರ್ಕ್ಸ್ ಕೊಡಲ್ಲ.

ಫುಟ್‌ಪಾತಿನಲ್ಲಿ 80 ರೂಪಾಯಿಗೆ ಸಿಕ್ಕ, ಹೆಸರೇ ಇಲ್ಲದ ಒಂದು ಚಾರ್ಜರ್ ಬಿಚ್ಚಿದೆ. ಚೆನ್ನಾಗೇ ಕೆಲಸ ಮಾಡ್ತಿತ್ತು. ಕಾಸು ಎಲ್ಲೆಲ್ಲಿ ಉಳಿಸಿದ್ದಾರೆ ಅಂತ ಒಳಗೆ ನೋಡಿದಾಗ ಗೊತ್ತಾಯ್ತು.

ಮೊದಲು, ಜಾಗ. ಒಳಗೆ ಬಂದ ಎಸಿ ಡಿಸಿಯಾದಾಗ ಸುಮಾರು 325 ವೋಲ್ಟ್ ಇರುತ್ತೆ. ಆ ಭಾಗಕ್ಕೂ ಫೋನಿನ ಕಡೆಯ ಭಾಗಕ್ಕೂ ಬೋರ್ಡ್ ಮೇಲೆ ಸುಮಾರು 5 ಮಿ.ಮೀ. ಅಂತರ ಬೇಕು. ಇದರಲ್ಲಿ ಒಂದು ಮಿ.ಮೀ. ಕೂಡ ಇರಲಿಲ್ಲ. ಮಳೆಗಾಲದ ತೇವದ ಜೊತೆ ಒಂದಿಷ್ಟು ಧೂಳು ಸೇರಿದರೆ ಕರೆಂಟು ದಾಟೋಕೆ ದಾರಿಯಾಯ್ತು.

ಎರಡನೆಯದು, ಈ ಎರಡೂ ಕಡೆಯನ್ನು ಜೋಡಿಸುವ ಪುಟ್ಟ ಕೆಪಾಸಿಟರ್. ಚಾರ್ಜಿಗಿಟ್ಟ ಲೋಹದ ಫೋನ್ ಮುಟ್ಟಿದಾಗ ಜುಮ್ ಅನ್ನೋದು ಸಾಮಾನ್ಯವಾಗಿ ಇದರಿಂದಲೇ. ಒಳ್ಳೆಯ ಚಾರ್ಜರ್‌ನಲ್ಲೂ ಅಷ್ಟಿಷ್ಟು ಇರುತ್ತೆ. ಆದರೆ ಅಲ್ಲಿ ಹಾಕೋದು ‘ವೈ’ ದರ್ಜೆಯದು, ಕೆಟ್ಟರೂ ಶಾರ್ಟ್ ಆಗದಂತೆ ತಯಾರಿಸಿದ್ದು. ನಾನು ಬಿಚ್ಚಿದ್ದರಲ್ಲಿ ಇದ್ದದ್ದು ಯಾವ ಗುರುತೂ ಇಲ್ಲದ ಮಾಮೂಲಿ ಕೆಪಾಸಿಟರ್. ಅದು ಶಾರ್ಟ್ ಆದರೆ ಗೋಡೆಯ ಕರೆಂಟು ನೇರ ಕೇಬಲ್ಲಿಗೆ ಬರುತ್ತೆ.

ಮೂರನೆಯದು ಫ್ಯೂಸ್. ಅದು ಇರಲೇ ಇಲ್ಲ.

ಕಾನೂನು ಇಲ್ವಾ? ಇದೆ. ಕೇಂದ್ರ ಸರ್ಕಾರದ ಆದೇಶದ ಪ್ರಕಾರ ಇಂಥ ಅಡಾಪ್ಟರ್‌ಗಳಿಗೆ ಬಿಐಎಸ್ ನೋಂದಣಿ ಕಡ್ಡಾಯ. ಮೈಮೇಲೆ ‘ಆರ್’ನಿಂದ ಶುರುವಾಗುವ ನಂಬರ್ ಇರಬೇಕು. ಯಾವುದೋ ನಂಬರ್ ಅಚ್ಚು ಹಾಕೋದು ಯಾರಿಗೂ ಕಷ್ಟವಲ್ಲ, ಆದ್ದರಿಂದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ, ಅದು ಯಾರ ಹೆಸರಲ್ಲಿದೆ ಅಂತಲೂ ನೋಡಿ.

“ಎರಡು ವರ್ಷದಿಂದ ಬಳಸ್ತಿದೀನಿ, ಏನೂ ಆಗಿಲ್ಲ” ಅನ್ನೋರು ಬೇಕಾದಷ್ಟು ಜನ ಇದ್ದಾರೆ. ಅಂತರ, ಕೆಪಾಸಿಟರ್, ಫ್ಯೂಸ್ ಎಲ್ಲ ಏನಾದರೂ ಕೆಟ್ಟ ದಿನಕ್ಕೆ ಅಂತ ಇಡೋದು. ಅಲ್ಲಿವರೆಗೆ 80 ರೂಪಾಯಿಯದಕ್ಕೂ 1,500 ರೂಪಾಯಿಯದಕ್ಕೂ ಬಳಸೋರಿಗೆ ಏನೂ ವ್ಯತ್ಯಾಸ ಕಾಣಲ್ಲ. ಇನ್ನೊಂದು ಮಾತು. ನಮ್ಮ ಮನೆಗಳಲ್ಲಿ ಒಳ್ಳೆಯ ಚಾರ್ಜರ್ ಆಫೀಸ್ ಬ್ಯಾಗಿನಲ್ಲಿರುತ್ತೆ, ಅಗ್ಗದ್ದು ಅಮ್ಮನ ಮಂಚದ ಪಕ್ಕ ಇರುತ್ತೆ. ಇವತ್ತು ಮನೆಗೆ ಹೋದಾಗ ಮೊದಲು ಅದರ ನಂಬರ್ ನೋಡಿ.